ನೋಡದ ಎಡಗಾಲು

ನಾನು ಎಕ್ಸ್-ರೇ ತೆಗೆಯುವವನು. ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯ ವಿನೋಬನಗರದ ಪಕ್ಕದ ಒಂದು ಸಣ್ಣ ಆಸ್ಪತ್ರೆಯಲ್ಲಿ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ದಿನಕ್ಕೆ ನೂರು ಸಲ "ಅಲ್ಲಾಡಬ್ಯಾಡ್ರಿ" ಎನ್ನುವವನ ಸಿಟ್ಟು ಇನ್ನೆಲ್ಲಿರಬೇಕು?

ನಮ್ಮ ಮೂಳೆ ಡಾಕ್ಟರದು ಒಂದು ಹಟವಿತ್ತು. ಒಂದು ಕಾಲಿನ ಪಾದದ ಕೀಲು ಮುರಿದರೂ ಎರಡೂ ಕಾಲಿನ ಚಿತ್ರ ಬೇಕು. ಮೊದಮೊದಲು ಇದು ನನಗೆ ದಂಡದ ಕೆಲಸವೆನಿಸುತ್ತಿತ್ತು. ಒಮ್ಮೆ ಅವರೇ ಕೂರಿಸಿಕೊಂಡು ತಿಳಿಸಿದರು. ಮೊಣಕಾಲಿನ ಕೆಳಗೆ ಎರಡು ಮೂಳೆ. ದೊಡ್ಡದರ ಬುಡದ ಪಕ್ಕದಲ್ಲಿ, ಪಾದದ ಕೀಲಿನ ಹತ್ತಿರ, ಒಂದು ತಗ್ಗು, ಆ ತಗ್ಗಿನಲ್ಲಿ ಸಣ್ಣದು ಒರಗಿ ನಿಲ್ಲುತ್ತದೆ. ಕೆಲವರಿಗೆ ಆ ತಗ್ಗು ಬಟ್ಟಲಿನ ಹಾಗೆ ಆಳ, ಕೆಲವರಿಗೆ ತಟ್ಟೆಯ ಹಾಗೆ ಚಪ್ಪಟೆ. ಚಪ್ಪಟೆ ಇದ್ದವರಿಗೆ ಮೂಳೆಗಳನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯುವಾಗ ಸಣ್ಣ ಮೂಳೆ ಮುಂದಕ್ಕೆ ಜಾರಿಬಿಡುತ್ತದೆ. ಮುರಿದ ಕಾಲು ಮೊದಲು ಹೇಗಿತ್ತೆಂದು ಹೇಳಲು ಇರುವ ಸಾಕ್ಷಿ ಮುರಿಯದ ಕಾಲು ಮಾತ್ರ. "ಪುಸ್ತಕದ ಕಾಲು ಯಾರಿಗೂ ಇರಲ್ಲ, ಅವರವರ ಕಾಲು ಅವರವರಿಗೆ" ಎಂದರು. ಅಂದಿನಿಂದ ಎರಡೂ ಕಾಲು ತೆಗೆಯುತ್ತಿದ್ದೆ. ಒಂದು ದಿನ ಬಿಟ್ಟು.

ಆ ದಿನ ಬಂದಾಕೆ ಬಾತಿ ಎಂಬ ಹಳ್ಳಿಯ ಹೆಂಗಸು, ನಲವತ್ತೈದರ ಆಸುಪಾಸು. ಹೊಲಗಳಲ್ಲಿ ಕಳೆ ತೆಗೆಯುವ ಕೂಲಿ. ಕಾಲುವೆಯ ಏರಿಯ ಮೇಲೆ ಜಾರಿ ಬಲಗಾಲು ತಿರುಚಿ ಪಾದದ ಕೀಲು ಮುರಿದಿತ್ತು. ಊದಿದ ಕಾಲಿನಲ್ಲಿದ್ದ ದಪ್ಪ ಬೆಳ್ಳಿ ಕಡಗವನ್ನು ಊರಲ್ಲೇ ಕತ್ತರಿಸಿ ತೆಗೆದಿದ್ದರು; ಅದರ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು. ಎಡಗಾಲಿನ ಕಡಗ ಸರಿಯಾಗಿ ಕೀಲಿನ ಮೇಲೆಯೇ ಕೂತಿತ್ತು. ಮದುವೆಯಲ್ಲಿ ತೊಡಿಸಿದ್ದು, ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಬರಲಿಲ್ಲ. ಬೆಳ್ಳಿ ಅಡ್ಡ ಬಂದರೆ ಚಿತ್ರದಲ್ಲಿ ಮೂಳೆ ಕಾಣುವುದಿಲ್ಲ.

"ಇದನ್ನೂ ಕತ್ತರಿಸ್ಬೇಕಮ್ಮ" ಎಂದೆ.

ಆಕೆ ಎರಡೂ ಕೈಯಿಂದ ಕಡಗ ಮುಚ್ಚಿಕೊಂಡಳು. "ಒಂದು ಹೋಗೈತೆ. ಇದೂ ಹೋದ್ರೆ ಬೋಳುಗಾಲು ಆಗುತ್ತೆ. ಗಂಡ ಇರೋಳಿಗೆ ಬೋಳುಗಾಲು ಬ್ಯಾಡ್ರಿ. ಈ ಕಾಲಿಗೆ ಏನೂ ಆಗಿಲ್ಲ, ನೋಡ್ರಿ ಬೇಕಾದ್ರೆ." ಎಂದು ಪಾದ ಕುಣಿಸಿ ತೋರಿಸಿದಳು.

ಬಿಟ್ಟುಬಿಟ್ಟೆ. ಪಾಪ, ಹೆಣ್ಣುಮಗಳು ಅಳುತ್ತಾಳೆ ಎಂದು ಬಿಟ್ಟೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಟ್ಟರ್ ಹುಡುಕಿ ತಂದು, ಆಕೆಯನ್ನು ಒಪ್ಪಿಸಿ, ಕತ್ತರಿಸುವ ಹೊತ್ತಿಗೆ ನನ್ನ ಐದೂವರೆಯ ಬಸ್ಸು ಹೋಗುತ್ತಿತ್ತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಕೈ ತೊಳೆದು ನಿಂತಿದ್ದ ಡಾಕ್ಟರು, "ಎಡಗಾಲು?" ಎಂದು ಕೇಳಿದರು.

"ನೋಡಿದೆ ಸಾರ್. ತಗ್ಗು ಮಾಮೂಲಿ ಥರನೇ ಐತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಹೇಳಿ ಕೆಳಗಿಳಿದೆ. ಬಸ್ಸಿನಲ್ಲಿ ಕಿಟಕಿಯ ಸೀಟೂ ಸಿಕ್ಕಿತು.

ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾದರೂ ಆಕೆಯ ಕೀಲು ಮಣಿಯಲಿಲ್ಲ. ನಡೆಯುತ್ತಿದ್ದಳು, ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಕಳೆ ತೆಗೆಯುವುದೆಂದರೆ ಹೆಂಗಸರೆಲ್ಲ ಸಾಲು ಹಿಡಿದು ಕುಕ್ಕರಗಾಲಲ್ಲೇ ಮುಂದೆ ಮುಂದೆ ಹೋಗುವುದು. ಹಿಂದೆ ಬಿದ್ದವಳನ್ನು ಮರುದಿನ ಯಾರೂ ಕರೆಯುವುದಿಲ್ಲ. ಆಕೆಯನ್ನೂ ಕರೆಯುವುದು ಬಿಟ್ಟರು. ಡಾಕ್ಟರು ಕಾಲು ಒತ್ತಿ ನೋಡಿ, "ಹೇಳಿದ್ದಕ್ಕಿಂತ ಮೊದಲೇ ಕಾಲು ಊರಿರಬೇಕು ನೀನು" ಎಂದರು. ಜೊತೆಗೆ ಬಂದಿದ್ದ ಗಂಡ ಆಕೆಯ ಕಡೆ ತಿರುಗಿ, "ಕೇಳಿಸ್ತಾ? ಬಡ್ಕೊಂಡೆ ನಾನು" ಎಂದ. ನಾನು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದೆ. ಮುಂದಿನ ರೋಗಿಯ ಚೀಟಿ ತೆಗೆದುಕೊಂಡು ನನ್ನ ಕೋಣೆಗೆ ಹೋದೆ.

ಆರು ತಿಂಗಳಿಗೆ ಡಾಕ್ಟರು ಎರಡೂ ಕಾಲಿನ ಸಿ.ಟಿ. ಬರೆದುಕೊಟ್ಟರು. ಅದಕ್ಕಾಗಿ ಆಕೆ ಎಡಗಾಲಿನ ಕಡಗವನ್ನು ಯಾರೂ ಹೇಳುವ ಮುಂಚೆ ತಾನೇ ಕತ್ತರಿಸಿಕೊಂಡು ಬಂದಿದ್ದಳು. ಚಿತ್ರ ಪರದೆಯ ಮೇಲೆ ಬಂತು. ಎಡಗಾಲಿನ ತಗ್ಗು ತಟ್ಟೆಯಂತೆ ಚಪ್ಪಟೆ, ಸಣ್ಣ ಮೂಳೆ ಹಿಂದಕ್ಕೆ ಸರಿದು ನೆಮ್ಮದಿಯಾಗಿ ಕೂತಿತ್ತು. ದೇವರು ಆಕೆಗೆ ಕೊಟ್ಟ ರೀತಿಯೇ ಅದು. ಬಲಗಾಲಿನಲ್ಲಿ ಅದೇ ಮೂಳೆ ಮುಂದಕ್ಕೆ ಜಾರಿ, ಸ್ಕ್ರೂವಿನಿಂದ ಅಲ್ಲೇ ಬಿಗಿಯಾಗಿ ಕೂತುಬಿಟ್ಟಿತ್ತು.

ಡಾಕ್ಟರು ಬಹಳ ಹೊತ್ತು ನೋಡಿದರು. "ಆವತ್ತಿನ ಎಡಗಾಲಿನ ಚಿತ್ರ ತೆಗಿ" ಎಂದರು.

"ತೆಗೆದಿಲ್ಲ ಸಾರ್. ನೋಡಿದೆ ಅಂತ ಸುಳ್ಳು ಹೇಳಿದ್ದೆ."

ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಕೇಳಿ ಸುಮ್ಮನಾದೆನಲ್ಲ, ಕಣ್ಣಿಂದ ನೋಡ್ಬೇಕಿತ್ತು ನಾನು" ಎಂದರು. ಇನ್ನೊಂದು ಆಪರೇಷನ್ ಮಾಡಿ ಮೂಳೆಯನ್ನು ಅದರ ಜಾಗಕ್ಕೆ ಕೂರಿಸಬಹುದು, ಆದರೆ ಕೀಲು ಸವೆದಿದೆ, ಕುಕ್ಕರಗಾಲಿನ ಮಾತು ಕೊಡಲಾರೆ ಎಂದರು. ಆಮೇಲೆ, "ಇನ್ನೊಂದು ಆಪರೇಷನ್ ಬೇಕು ಅಂತಷ್ಟೇ ಇವತ್ತು ಹೇಳಿ ಕಳಿಸ್ತೀನಿ; ಮುಂದಿನ ವಾರ ಬಂದಾಗ ನನ್ನ ತಪ್ಪು ನಾನು ಹೇಳ್ತೀನಿ ಅವರಿಗೆ. ನಿನ್ನದು ನೀನು ಹೇಳು" ಎಂದರು.

ಮರುದಿನ ಸಂಜೆ ಹರಿಹರದ ಬಸ್ಸಿನಿಂದ ಬಾತಿಯಲ್ಲಿ ಇಳಿದೆ. ಎಷ್ಟೋ ವರ್ಷದಿಂದ ಅದೇ ದಾರಿಯಲ್ಲಿ ಓಡಾಡುವವನು, ಅಲ್ಲಿ ಇಳಿದದ್ದು ಅದೇ ಮೊದಲು. ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಬಲಗಾಲು ಚಾಚಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಬಸ್ಸಿನ ಮಾತನ್ನೂ ಹೇಳಿದೆ. ಕೈಮುಗಿದು, ತಪ್ಪಾಯಿತು ಎಂದೆ. ಹೇಳಿ ಮುಗಿದಾಗ, ನಾಚಿಕೆ ಬಿಟ್ಟು ಹೇಳುವುದಾದರೆ, ಎದೆ ಹಗುರವಾಗಿತ್ತು.

ಆಕೆಗೆ ಸಿಟ್ಟು ಬರಲಿಲ್ಲ. "ನಾನು ಕಾಲು ಊರಿರ್ಲಿಲ್ಲ ನೋಡ್ರಿ" ಎಂದಳು. "ದೇವ್ರಾಣೆ ಊರಿರ್ಲಿಲ್ಲ. ಎಲ್ಲಾರೂ ಅಂದೂ ಅಂದೂ, ನಿದ್ದೆಗಣ್ಣಾಗೆ ಊರಿದ್ನೋ ಏನೋ ಅಂತ ನನಗೇ ಅನುಮಾನ ಬಂದಿತ್ತು." ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ, "ನನಗ್ಯಾಕ ಹೇಳ್ತೀರಿ ಇದನ್ನ? ಒಳಗೆ ಬರ್ರಿ, ಅವರ ಮುಂದೆ ಹೇಳ್ರಿ" ಎಂದಳು.

ಒಳಗೆ ಗಂಡ ಆಗಷ್ಟೇ ಕೆಲಸದಿಂದ ಬಂದು ಮುಖ ತೊಳೆದಿದ್ದ. ನನ್ನ ಗುರುತು ಹಿಡಿದು, ಕುರ್ಚಿ ಎಳೆದುಕೊಟ್ಟು, "ಕೂಡ್ರಿ, ಕೂಡ್ರಿ" ಎಂದ. ನಾನು ಬಾಯಿ ತೆರೆಯುವ ಮುಂಚೆಯೇ ಶುರುಮಾಡಿದ: "ನೀವಾದ್ರೂ ಬುದ್ಧಿ ಹೇಳ್ರಿ ಇವಳಿಗೆ. ಮಾತು ಕೇಳ್ದೆ ಕೈಯಾರೆ ಕಾಲು ಕೆಡಿಸ್ಕೊಂಡ್ಳು. ಇನ್ನೊಂದು ಸಲ ಕೊಯ್ಯಬೇಕಂತೆ, ಈ ಸಲನಾದ್ರೂ ಹೇಳಿದಂಗೆ ಕೇಳ್ಲಿ." ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು.

ಹೇಳಿದೆ. ಹೊರಗೆ ಹೇಳಿದಷ್ಟು ಸರಾಗವಾಗಿ ಬರಲಿಲ್ಲ, ಆದರೂ ಹೇಳಿದೆ. ಕಡಗ, ಬಸ್ಸು, ಡಾಕ್ಟರಿಗೆ ಹೇಳಿದ ಸುಳ್ಳು, ಏನನ್ನೂ ಬಿಡಲಿಲ್ಲ. ಹೊಡೆದರೂ ಹೊಡೆಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡು ಕೂತಿದ್ದೆ. ಆತ ಹೆಗಲ ಮೇಲಿನ ಟವಲನ್ನು ತೆಗೆದು ಮಡಚಿದ, ಮತ್ತೆ ಬಿಡಿಸಿದ.

"ಹಂಗಾದ್ರೆ" ಎಂದ, "ಇಷ್ಟು ದಿನ ನಾನು ಇವಳಿಗೆ ಅಂದಿದ್ದೆಲ್ಲಾ?"

ನನ್ನ ಮುಖವನ್ನೇ ನೋಡುತ್ತ ಕೇಳಿದ. ಆಕೆಯ ಕಡೆ ತಿರುಗಲು ಆತನಿಂದ ಆಗಲಿಲ್ಲ.