ಹಸಿ ಗಡ್ಡೆಯ ಸದ್ದು

ಹೊಸಪೇಟೆಯಲ್ಲಿ ಡ್ಯಾಮಿನ ಮೀನು ಮಾರುವ ನಾನು, ದುರ್ಗಕ್ಕ, ಇಪ್ಪತ್ತು ವರ್ಷದಿಂದ ಗಾಳೆಪ್ಪನ ಕೈಯಿಂದಲೇ ಐಸ್ ಒಯ್ಯುವವಳು. ಐಸ್ ಫ್ಯಾಕ್ಟರಿಯಲ್ಲಿ ಅವನದು ಭಾರಿ ದರ್ಬಾರು. ದೊಡ್ಡ ತೊಟ್ಟಿಯ ತುಂಬ ಉಪ್ಪುನೀರು, ಅದರೊಳಗೆ ಸಿಹಿನೀರು ತುಂಬಿದ ಉದ್ದನೆಯ ಡಬ್ಬಿಗಳು. ಡಬ್ಬಿಯ ನೀರು ಕಲ್ಲಾಗುತ್ತದೆ. ಸುತ್ತಲಿನ ಉಪ್ಪುನೀರು ಅದಕ್ಕಿಂತ ತಣ್ಣಗಿದ್ದರೂ ನೀರಾಗಿಯೇ ಇರುತ್ತದೆ. ಐಸಿನ ಗಡ್ಡೆ ಒಳತನಕ ಕಟ್ಟಿತೋ ಇಲ್ಲವೋ ಎಂಬುದನ್ನು ಗಾಳೆಪ್ಪ ಕಬ್ಬಿಣದ ಸರಳಿನಿಂದ ಬಡಿದು, ಸದ್ದು ಕೇಳಿಯೇ ‘ಗಟ್ಟಿ’, ‘ಹಸಿ’ ಅಂತ ಕೂಗಿ ಹೇಳುತ್ತಾನೆ. ಆ ವಿದ್ಯೆ ಯಾರಿಗೂ ಕಲಿಸಿದವನಲ್ಲ. ಮಗಳು ಸ್ಫೂರ್ತಿ ಬುತ್ತಿ ತಂದರೆ, ಹೆಣ್ಣುಮಕ್ಕಳಿಗೆ ಇಲ್ಲೇನು ಕೆಲಸ ಅಂತ ಗೇಟಿನಲ್ಲೇ ತಡೆದು ವಾಪಸ್ ಅಟ್ಟುತ್ತಿದ್ದ. ನಾನೂ ಹೆಣ್ಣೇ ಅನ್ನುವುದು ಆ ಮಹಾರಾಯನಿಗೆ ಹೊಳೆದೇ ಇರಲಿಲ್ಲ.

ಆ ಸ್ಫೂರ್ತಿ ಈಗ ಲಡಾಖಿನಲ್ಲಿ ಗಡಿ ಕಾಯುವ ಪಡೆಯಲ್ಲಿದ್ದಾಳೆ. ಹೋದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನಾನು ಐಸಿಗೆ ಹೋದಾಗ ಅವಳ ಫೋನು ಬಂತು. ಗಾಳೆಪ್ಪ ಸ್ಪೀಕರ್ ಹಾಕಿದ.

“ಅಪ್ಪಾ, ಇಲ್ಲಿ ಎರಡು ಕೆರಿ ಅದಾವ. ಮ್ಯಾಲಿನ ಸಣ್ಣದು ಪೂರಾ ಕಲ್ಲಾಗೇತಿ. ಕೆಳಗಿನ ದೊಡ್ಡದು ಈಗೀಗ ಕಟ್ಟಾಕತ್ತೈತಿ. ಇವತ್ತು ಅದ್ರ ಮ್ಯಾಲೆ ನಡದು ದಾಟ್ತೀವಿ.”

“ದೊಡ್ಡದ್ರ ನೀರು ಉಪ್ಪೈತೇನು? ಹಳ್ಳ ಬಂದು ಸೇರ್ತೈತೇನು?”

“ಸ್ವಲ್ಪ ಉಪ್ಪು... ಹಳ್ಳನೂ...” ಅನ್ನುವಷ್ಟರಲ್ಲಿ ಫೋನು ಕಟ್ ಆಯಿತು.

ಅಲ್ಲಿಂದ ಶುರುವಾಯಿತು ನೋಡಿ ಅವನ ತಳಮಳ. ಹತ್ತು ಸಲ ಫೋನು ಹಚ್ಚಿದ, ಹತ್ತೂ ಸಲ ಸಿಗಲಿಲ್ಲ.

“ಆಳ ಇಲ್ಲದ ಸಿಹಿನೀರು ಜಲ್ದಿ ಕಟ್ಟತೈತಿ ಅಕ್ಕ. ಆಳದ್ದು ತಣ್ಣಗಾಗಾಕ ಭಾಳ ದಿನ ಬೇಕು. ಉಪ್ಪಿದ್ರ ಇನ್ನೂ ತಡ. ಹಳ್ಳದ ಬಾಯಾಗ ನೀರು ಅಲುಗಾಡ್ತಿರ್ತೈತಿ, ಅಲ್ಲಿ ಮ್ಯಾಲೆ ಬರೇ ಪದರ. ಆಕಿ ಅಲ್ಲೇ ಕಾಲಿಟ್ರ?” ಅಂದ.

ಅಧಿಕಾರಿಗಳಿಗೆ ಗೊತ್ತಿರಲ್ಲೇನು ಅಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಕೂರುವನು, ಏಳುವನು, ಗೇಟಿನ ತನಕ ಹೋಗಿ ಬರುವನು. ಆ ಗಡಿಬಿಡಿಯಲ್ಲಿ ಸರಳು ಬಡಿಯುವುದನ್ನೇ ಮರೆತು ಒಂದು ಡಬ್ಬಿ ಎತ್ತಿಸಿ ಬೋರಲು ಹಾಕಿಸಿದ. ಗಡ್ಡೆ ನನ್ನ ಕಾಲ ಬುಡದಲ್ಲೇ ಒಡೆದು, ಹೊಟ್ಟೆಯೊಳಗಿನ ನೀರೆಲ್ಲ ನೆಲಕ್ಕೆ ಹರಿಯಿತು. ಇಪ್ಪತ್ತು ವರ್ಷದಲ್ಲಿ ಅವನು ಹಸಿ ಗಡ್ಡೆ ತೆಗೆದದ್ದು ನಾನು ನೋಡಿರಲಿಲ್ಲ.

ಆ ನೀರು ನೋಡುತ್ತಾ ಅಲ್ಲೇ ಕೂತ. “ಬಡಿದು ನೋಡು ಅಂತ ಒಂದಿನಾನೂ ಆಕಿಗೆ ಹೇಳಿಕೊಡಲಿಲ್ಲಲ್ಲ ಅಕ್ಕ,” ಅಂದ.

ಬೈಯಬೇಕೆಂದಿದ್ದವಳು ಒಡೆದ ಚೂರುಗಳನ್ನು ಕಾಲಿನಿಂದ ಒತ್ತಟ್ಟಿಗೆ ಸರಿಸಿದೆ. ಬೇರೆ ಗಡ್ಡೆ ಒಯ್ದು ಮೀನಿಗೆ ಹಾಕಿ, ವ್ಯಾಪಾರ ಬಿಟ್ಟು ಮತ್ತೆ ಅಲ್ಲಿಗೇ ಬಂದು ಕೂತೆ.

ಮೂರು ಗಂಟೆಗೆ ಫೋನು ಬಂತು.

“ಅಪ್ಪಾ, ಸುತ್ತು ಹಾಕ್ಕೊಂಡು ಬಂದ್ವಿ. ಹಳ್ಳದ ಬಾಯಿ ಹತ್ರ ಕೋಲಿಂದ ಬಡಿದೆ, ಹಸಿ ಗಡ್ಡಿ ಸದ್ದು ಬಂತು. ಸಾಹೇಬ್ರು ಕೊರೆಸಿ ನೋಡಿದ್ರ, ಎರಡು ಬೆರಳು ದಪ್ಪನೂ ಇದ್ದಿಲ್ಲ.”

“ನಿನಗ್ಯಾರು ಕಲಿಸಿದ್ರು?”

“ನೀನು ಒಳಗ ಬಿಡ್ತಿದ್ದಿಲ್ಲಲ್ಲ. ಬುತ್ತಿ ಹಿಡ್ಕೊಂಡು ಗೇಟಿನ್ಯಾಗ ನಿಂತಾಗ ನೀ ಬಡಿದು ಕೂಗೋದು ಕೇಳ್ತಿದ್ದೆ.”

ಗಾಳೆಪ್ಪ ಎದ್ದು ಸರಳು ಹುಡುಕಿದ. ತೊಟ್ಟಿಯ ಮೇಲೆ ಬಾಗಿ, ಫೋನನ್ನು ಡಬ್ಬಿಯ ಹತ್ತಿರ ಹಿಡಿದು ಒಂದಕ್ಕೆ ಬಡಿದ, ಪಕ್ಕದ್ದಕ್ಕೆ ಬಡಿದ.

“ಇದು ಗಟ್ಟಿ. ಇದು ಹಸಿ,” ಅಂದ. “ಇನ್ನೊಂದ್ಸಲ ಬಡೀತೀನಿ, ಸರಿಯಾಗಿ ಕೇಳವ್ವ.”