ಮೂರನೆಯ ಬಲ್ಬು

ನಮ್ಮ ತಾರಸಿಗೆ ಸೋಲಾರ್ ಕೂರಿಸಲು ಬಂದವರು, "ನಿಮ್ಮ ಮನೆಯ ಕರೆಂಟು ಟ್ರಾನ್ಸ್‌ಫಾರ್ಮರ್ ಕಡೆಗೂ ವಾಪಸು ಹೋಗುತ್ತದೆ, ಅಮ್ಮಾ" ಎಂದು ಹೊಸ ಸುದ್ದಿಯಂತೆ ಹೇಳಿದರು. ನನಗದು ಎಂಬತ್ತರ ದಶಕದಲ್ಲೇ ಗೊತ್ತು.

ತಮಿಳುನಾಡಿನ ಮಡತ್ತುಕುಳದ ಹತ್ತಿರ ನಮ್ಮ ತೋಟ. ಸೋದರಮಾವನನ್ನೇ ಮದುವೆಯಾಗಿದ್ದೆ, ನನಗೆ ಕನ್ನಡ ಕಲಿಸಿದ ಅಜ್ಜಿಯೇ ಅತ್ತೆ. ಆಗ ಮೋಟಾರಿಗೆ ಬರುವ ಮೂರು ಕರೆಂಟು ಲೈನಿನಲ್ಲಿ ಒಂದು ಹೋದರೂ ರೈತರು ಕಂಡೆನ್ಸರ್ ಹಾಕಿ ಎರಡರಲ್ಲೇ ಪಂಪು ಓಡಿಸುತ್ತಿದ್ದರು. ಪಂಪ್‌ಮನೆಯ ಹಲಗೆಯ ಮೇಲೆ ಲೈನಿಗೊಂದರಂತೆ ಮೂರು ಬಲ್ಬು; ಯಾವ ಲೈನು ಹೋದರೆ ಅದರ ಬಲ್ಬು ಆರುತ್ತಿತ್ತು.

ಆ ಬೆಳಿಗ್ಗೆ ತೆಂಗಿನ ಗರಿಯೊಂದು ಮೂರು ತಂತಿಗಳಲ್ಲಿ ಒಂದಕ್ಕೆ ಸಿಕ್ಕಿಕೊಂಡಿತ್ತು. ಅದೇ ಕಂಬದಿಂದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಲೈನ್‌ಮನ್ ಒಬ್ಬ ಬಿದ್ದು ಸತ್ತಿದ್ದ. ಅವನು ಕಿತ್ತುಕೊಂಡು ಹತ್ತಿದ್ದ ಫ್ಯೂಸು ಸೊಂಟದಲ್ಲೇ ಇತ್ತು. ಕರೆಂಟಿಲ್ಲದ ತಂತಿ ಹೊಡೆಯುವುದುಂಟೆ? ಮುನೀಶ್ವರನ ಕೆಲಸವೆಂದು ಊರವರು ಕಂಬದ ಬುಡದಲ್ಲಿ ಕೋಳಿ ಕೊಯ್ದಿದ್ದರು.

ಮಾವನೂ ಆ ಲೈನಿನ ಫ್ಯೂಸನ್ನು ಟ್ರಾನ್ಸ್‌ಫಾರ್ಮರಿನಿಂದ ಕಿತ್ತು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡ.

"ಮುನಿ ಇರೋ ಕಂಬ ಕಣೋ, ವೇಂಡಾಂ, ಹತ್ಬೇಡ," ಎಂದಳು ಅಜ್ಜಿ.

"ಮುನೀಗೆ ನಿನ್ ಬಾಯಿ ಕಂಡ್ರೇ ಬಯ. ಫ್ಯೂಸು ನನ್ ಇಡುಪಲ್ಲೈತೆ, ಇನ್ಯಾರು ಹಾಕ್ತಾರೆ? ನೀ ಮೋಟಾರ್ ಹಾಕವ್ವಾ, ಬಾಳೆ ಒಣಗ್ತೈತೆ," ಎಂದು ಮಾವ ಸೊಂಟದ ಫ್ಯೂಸು ತಟ್ಟಿ ಹೊರಟ.

ಪಂಪ್‌ಮನೆಯೊಳಗೆ ನನ್ನ ಪಕ್ಕದಲ್ಲಿ ಅಜ್ಜಿ ಹಸಿರು ಗುಂಡಿ ಒತ್ತಿದಳು. ಆರಿದ್ದ ಮೂರನೆಯ ಬಲ್ಬು, ಮೋಟಾರು ವೇಗ ಹಿಡಿದಂತೆ ಮೆಲ್ಲಗೆ ಕೆಂಪಗಾಯಿತು, ಆಮೇಲೆ ಹಳದಿ. ಒಂದು ಲೈನು ಹೋದಾಗಲೆಲ್ಲ ಹೀಗೆಯೇ, ಏಕೆಂದು ನಾನು ಎಂದೂ ಯೋಚಿಸಿರಲಿಲ್ಲ. ಫ್ಯೂಸು ಮಾವನ ಸೊಂಟದಲ್ಲಿದ್ದರೆ ಇದು ಉರಿಯುವುದು ಯಾವ ಕರೆಂಟಿನಲ್ಲಿ?

ಬಾಗಿಲಾಚೆ, ಕಂಬದ ತುದಿಯಲ್ಲಿ ಮಾವ ಗರಿಗೆ ಕೈ ಚಾಚುತ್ತಿದ್ದ. ಮೋಟಾರಿನ ಸದ್ದಿಗೆ ಕೂಗಿದರೂ ಕೇಳಿಸದು. ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದೆ.

"ಯಾರೇ ಅದು ನಿಲ್ಸಿದ್ದು? ತಲೆ ಕೆಟ್ಟೈತಾ?" ಕಂಬದ ಮೇಲಿಂದ ಮಾವ ಕೂಗಿದ.

"ಮಾವಾ, ಮುಟ್ಬೇಡ, ಇಳಿ! ಫ್ಯೂಸು ನಿನ್ ಹತ್ರ ಐತೆ, ಬಲ್ಬು ಇಲ್ಲಿ ಉರೀತಿತ್ತು!"

ಇಳಿದು ಬಂದವನಿಗೆ ಮತ್ತೆ ಮೋಟಾರು ಹಾಕಿ ತೋರಿಸಿದೆ. ನಮ್ಮ ಮೋಟಾರೇ ಆ ಸತ್ತ ತಂತಿಗೆ ಹಿಂದಕ್ಕೆ ಕರೆಂಟು ಕಳಿಸುತ್ತಿತ್ತು. ಮಾವ ಮಡಿಕೆಯಿಂದ ಫ್ಯೂಸು ತೆಗೆದು ನೋಡಿದ, ಬಲ್ಬು ನೋಡಿದ, ತಾನೇ ಮೋಟಾರು ನಿಲ್ಲಿಸಿದ.

"ಆಡೀಲಿ ಅವ ಬಿದ್ದನಲ್ಲ," ಅಜ್ಜಿ ಮೆಲ್ಲಗೆ ಕೇಳಿದಳು, "ಆವತ್ತು ನಮ್ ಮೋಟಾರ್ ಓಡ್ತಿತ್ತೇನೋ?"

ಮಾವ ನನ್ನ ಮುಖ ನೋಡಿದ. ಆ ದಿನ ಬಾಳೆಗೆ ನೀರು ತಿರುಗಿಸುತ್ತಿದ್ದವಳು ನಾನು. ಕಂಬದ ಕಡೆಯಿಂದ ಕೂಗು ಕೇಳಿದಾಗಲೂ ಕಾಲುವೆಯಲ್ಲಿ ನಮ್ಮ ಪಂಪಿನ ನೀರು ಬರುತ್ತಲೇ ಇತ್ತು.