ಹತ್ತಕ್ಕೆ ಎರಡು ಅಂಕದ ಓಟ

ಎಂಬತ್ತರ ದಶಕದಲ್ಲಿ ನಾನು ಕಾಲೇಜಿನ ಓಟಗಾರ್ತಿ. ಅಭ್ಯಾಸಕ್ಕೆ ಕ್ಯಾಸಂಬಳ್ಳಿಯಿಂದ ಬಸ್ಸು ಹತ್ತಿ ಉರಿಗಾಂ ಮೈದಾನಕ್ಕೆ ಬರುತ್ತಿದ್ದೆ. ಒಮ್ಮೆ ನಮ್ಮ ದೈಹಿಕ ಶಿಕ್ಷಕರು ಯಾವುದೋ ಶಿಬಿರಕ್ಕೆ ಹೋಗಿ ಹೊಸ ವಿದ್ಯೆ ಕಲಿತು ಬಂದರು. ಓಡುವಾಗ ಕೈಗೂ ಕಾಲಿಗೂ ಎಷ್ಟು ಹೊಂದಾಣಿಕೆಯಿದೆ ಎಂದು ನೋಡಿ ಹತ್ತಕ್ಕೆ ಅಂಕ ಕೊಡುವುದು. ಒಬ್ಬರೇ ಅಳೆದರೆ ನಂಬುವಂತಿಲ್ಲವೆಂದು ನಿವೃತ್ತ ಕೋಚ್ ಒಬ್ಬರನ್ನೂ ಕರೆಸಿದರು.

ನಾನು ಒಂದು ಸುತ್ತು ಓಡಿದೆ. ಶಿಕ್ಷಕರು ಎಂಟು ಕೊಟ್ಟರು, ಕೋಚ್ ಮೂರು.

“ಎಡಗೈ ತಡವಾಗಿ ಬತ್ತದೆ,” ಎಂದರು ಕೋಚ್.

“ನೀವು ನೋಡಿದ್ದು ಬಲಗೈ ಸಾರ್,” ಎಂದ ಶಿಕ್ಷಕರು ನನ್ನತ್ತ ತಿರುಗಿ, “ಇನ್ನೊಂದ್ಸಲ ಓಡಮ್ಮ,” ಎಂದರು.

ಎರಡನೇ ಸುತ್ತಿಗೆ ಶಿಕ್ಷಕರು ಐದಕ್ಕಿಳಿದರು, ಕೋಚ್ ಒಂಬತ್ತಕ್ಕೇರಿದರು. ನಾನು ಓಡಿದ್ದು ಮಾತ್ರ ಮೊದಲಿನ ಹಾಗೇ. ಇಬ್ಬರ ಅಂಕವೂ ಒಂದಾಗಲೆಂದು ಮತ್ತೆ ಮತ್ತೆ ಓಡಿಸಿದರು. ಬಿಸಿಲೇರಿತು, ಕುಡಿದು ಬಂದಿದ್ದ ಅಂಬಲಿ ಯಾವಾಗಲೋ ಕರಗಿತ್ತು. ಒಂಬತ್ತನೇ ಸುತ್ತಿನಲ್ಲಿ ಕೈ ಒಂದು ಕಡೆ, ಕಾಲು ಒಂದು ಕಡೆಯಾಗಿ ಮುಗ್ಗರಿಸಿ ಬಿದ್ದೆ.

ಇಬ್ಬರೂ ಅಂಕ ಬರೆದ ಹಾಳೆ ಒಬ್ಬರಿಗೊಬ್ಬರು ತೋರಿಸಿಕೊಂಡರು. ಇಬ್ಬರದೂ ಎರಡು! ಶಿಕ್ಷಕರು ಸಂತೋಷದಿಂದ ಕೋಚ್ ಕೈ ಕುಲುಕಿದರು. “ಅಳತೆ ಅಂದ್ರೆ ಇದು ಸಾರ್!”

“ನಾನು ಏಳಬೋದಾ ಸಾರ್?” ಎಂದು ನೆಲದಿಂದಲೇ ಕೇಳಿದೆ.

ಎರಡು ಅಂಕದವಳೆಂದು ನನ್ನನ್ನು ತಂಡದಿಂದ ಕೈಬಿಟ್ಟರು. ಸಿಟ್ಟಿಗೆ ಬಂಗಾರಪೇಟೆಯ ಓಟಕ್ಕೆ ನಾನೇ ಹೆಸರು ಕೊಟ್ಟು, ನಮ್ಮ ತಂಡದವರನ್ನೆಲ್ಲ ಹಿಂದೆ ಹಾಕಿ ಗೆದ್ದೆ. ಶಿಕ್ಷಕರು ಬಳಿಗೆ ಬಂದು ಬೇಸರದಿಂದ ಹೇಳಿದರು: “ಗೆದ್ದೆ, ನಿಜ. ಆದ್ರೆ ಹೊಂದಾಣಿಕೆ ಇಲ್ದೆ ಗೆದ್ದೆಯಲ್ಲಮ್ಮ.”